ಕತ್ತಲೆ ಹಾಲ್, ಓಡುವ ಮಾಣಿ, ಹಳೇ 85ರ ಲೆನ್ಸು

ಮೊದಲೇ ಹೇಳಿಬಿಡುತ್ತೇನೆ, ನಾನು ಫೋಟೋಗ್ರಾಫರ್ ಅಲ್ಲ. ಕಾರವಾರದ ಅಂಚೆ ಕಚೇರಿಯೊಂದರ ಕೌಂಟರಿನಲ್ಲಿ ಕೂತು ಆರ್‌ಡಿ ಪುಸ್ತಕಕ್ಕೆ ಠಸ್ಸೆ ಹೊಡೆಯುವವಳು. ಕ್ಯಾಮೆರಾ ಅಣ್ಣನದು. ಮದುವೆಗೆ ಮುಂಚೆ ತಗೊಂಡಿದ್ದ ಡಿಎಸ್‌ಎಲ್‌ಆರ್, ಮದುವೆಯಾದ ಮೇಲೆ ಕಪಾಟು ಸೇರಿತ್ತು. ಅದರ ಜೊತೆಗೆ ಬಂದಿದ್ದ 18-55 ಎಂಎಂ ಜೂಮ್ ಲೆನ್ಸಿನಲ್ಲಿ ಒಂದು ಮಳೆಗಾಲವಿಡೀ ಒದ್ದಾಡಿದೆ. ಕೊನೆಗೆ ಹುಬ್ಬಳ್ಳಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ 85 ಎಂಎಂ, ಎಫ್ 1.8 (ಲೆನ್ಸಿನ ಬಾಯಿಯ ಅಳತೆ, ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು, ಬೆಳಕು ಜಾಸ್ತಿ) ಲೆನ್ಸ್ ತಂದೆ. ಈ ಮಾತೆಲ್ಲ ಅದರದ್ದೇ. ಕಂಪನಿಯ ಹೆಸರು ಹಾಕುವುದಿಲ್ಲ. ದೊಡ್ಡ ಕಂಪನಿಗಳೆಲ್ಲ ಈ ಅಳತೆಯದ್ದೊಂದು ಮಾಡುತ್ತವೆ, ಗುಣವೂ ಅವಗುಣವೂ ಹೆಚ್ಚುಕಮ್ಮಿ ಒಂದೇ ಜಾತಿ.

ಇದೆಲ್ಲ ಶುರುವಾದದ್ದು ಅಣ್ಣನ ಮಗನಿಂದ. ಮನೆಯಲ್ಲಿ ಎಲ್ಲರಿಗೂ ಅವ ಮಾಣಿ, ಇಲ್ಲೂ ಹಾಗೇ ಇರಲಿ. ಹತ್ತು ವರ್ಷ. ರೋಲರ್ ಹಾಕಿ ಆಡುತ್ತಾನೆ. ಎರಡು ಮುಂದೆ ಎರಡು ಹಿಂದೆ ಗಾಲಿ ಇರುವ ಸ್ಕೇಟು, ತುದಿ ಬಾಗಿದ ಕೋಲು, ಗುಂಡು ಚೆಂಡು. ಒಂದೇ ಸಾಲಿನ ಗಾಲಿ ಕಟ್ಟಿಕೊಂಡು ಚಪ್ಪಟೆ ಬಿಲ್ಲೆ ಹೊಡೆಯುವುದು ಇನ್‌ಲೈನ್ ಹಾಕಿ, ಅದು ಬೇರೆ. ಇವನದು ರಿಂಕ್ ಹಾಕಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಆಟವಾಗಿ ಬಂದಿತ್ತು, ಪದಕದ ಆಟ ಆಗಲೇ ಇಲ್ಲ. ಗೋಲಿ, ಅಂದರೆ ಗೋಲ್ ಕಾಯುವವ, ಸೇರಿ ಒಂದೊಂದು ಕಡೆ ಐದು ಜನ. ಮೈದಾನದ ಹಾಕಿಯಲ್ಲಿ ಕೋಲಿನ ಒಂದೇ ಮುಖದಿಂದ ಹೊಡೆಯಬೇಕು, ಇಲ್ಲಿ ಎರಡೂ ಮುಖ ನಡೆಯುತ್ತದೆ. ಇದನ್ನು ಫೋಟೋ ತೆಗೆಯುವವರು ತಿಳಿದಿರಬೇಕು, ಯಾಕೆಂದರೆ ಹುಡುಗ ಯಾವ ಕಡೆಗೆ ಹೊಡೆಯುತ್ತಾನೆಂದು ಅವನ ಕೈ ನೋಡಿ ಹೇಳಲಿಕ್ಕಾಗುವುದಿಲ್ಲ. ಭುಜ ನೋಡಬೇಕು.

ಬೇಸಿಗೆಯಲ್ಲಿ ಬಯಲಿನ ಅಂಕಣದಲ್ಲೇ ಅಭ್ಯಾಸ. ಆಗ ಯಾವ ಲೆನ್ಸಾದರೂ ಆಗುತ್ತದೆ, ಮೊಬೈಲೂ ಆಗುತ್ತದೆ. ಜೂನ್ ಬಂತೆಂದರೆ ಕಾರವಾರದಲ್ಲಿ ಸ್ಕೇಟಿನ ಗಾಲಿ ಬಯಲಿಗೆ ಇಳಿಯುವ ಹಾಗಿಲ್ಲ, ಮಕ್ಕಳೆಲ್ಲ ತಗಡಿನ ಚಾವಣಿಯ ಒಂದು ಹಾಲಿಗೆ ಬರುತ್ತಾರೆ. ನಿಯಮದ ಪ್ರಕಾರ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ನಮ್ಮ ಹಾಲ್ ಅದರ ಅರ್ಧವೂ ಇಲ್ಲ. ನುಣುಪು ಸಿಮೆಂಟಿನ ನೆಲ, ಗೋಡೆಗೆ ಮೇಲೆ ಮೇಲೆ ಏಳೆಂಟು ಟ್ಯೂಬ್‌ಲೈಟು, ಅದರಲ್ಲಿ ಎರಡು ಯಾವಾಗಲೂ ಮಿಣಮಿಣ. ಮೇಲೆ ತಗಡಿನ ಮೇಲೆ ಮಳೆ ಬೀಳುವಾಗ ಕೋಚ್ ಊದುವ ಸೀಟಿಯೂ ಸರಿಯಾಗಿ ಕೇಳುವುದಿಲ್ಲ.

ಆ ಹಾಲಿನಲ್ಲಿ ಮೊದಲ ವಾರ ತೆಗೆದ ಫೋಟೋಗಳನ್ನು ಮಾಣಿಗೆ ತೋರಿಸಿದೆ. ಅವ ಒಂದೊಂದೇ ಸರಿಸಿದ, ಸರಿಸಿದ, ಆಮೇಲೆ ಕೇಳಿದ: "ಅತ್ತೆ, ಇದ್ರಲ್ಲಿ ಆನು ಎಲ್ಲಿದ್ದಿ?"

ನಿಜಕ್ಕೂ ಅವ ಇರಲಿಲ್ಲ. ನೀಲಿ ಟೀಶರ್ಟಿನ ಬಣ್ಣದ ಒಂದು ಪಟ್ಟೆ ಇತ್ತು. 18-55ನ್ನು ಪೂರ್ತಿ ಎಳೆದಾಗ ಅದು ತೆರೆಯುವುದು ಎಫ್ 5.6ಕ್ಕೆ ಮಾತ್ರ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರಿಸಿದರೂ ನನಗೆ ಸಿಗುತ್ತಿದ್ದ ಶಟರ್ ವೇಗ 1/60 ಸೆಕೆಂಡು. ಕೂತಿರುವ ಅಜ್ಜಿಗೆ ಸಾಕು. ಸ್ಕೇಟಿನ ಮೇಲಿರುವ ಹುಡುಗನಿಗೆ ಅಷ್ಟರಲ್ಲಿ ಒಂದು ಅಂಗೈ ಅಗಲದಷ್ಟು ದೂರ ದಾಟಿ ಆಗಿರುತ್ತದೆ. ಫ್ಲ್ಯಾಶ್ ಹಾಕಿ ನೋಡಿದೆ, ಎರಡನೇ ಮಿಂಚಿಗೇ ಕೋಚ್ ಹತ್ತಿರ ಬಂದು, "ಮೇಡಂ, ದಯವಿಟ್ಟು ಅದೊಂದು ಬೇಡ, ಗೋಲಿಯ ಕಣ್ಣಿಗೇ ಬೀಳ್ತದೆ" ಅಂದರು. ಅವರು ಹೇಳಿದ್ದು ಸರಿಯೇ. ಅಲ್ಲಿಗೆ ಆ ದಾರಿ ಮುಚ್ಚಿತು.

ಈಗ ಲೆಕ್ಕ ನೋಡಿ. ಎಫ್ 5.6ರಿಂದ 4, ಅಲ್ಲಿಂದ 2.8, ಅಲ್ಲಿಂದ 2. ಒಂದೊಂದು ಮೆಟ್ಟಿಲಿಗೆ ಬೆಳಕು ದುಪ್ಪಟ್ಟು, ಮೂರು ಮೆಟ್ಟಿಲಿಗೆ ಎಂಟು ಪಟ್ಟು. ಅಂದರೆ ಅದೇ ಹಾಲಿನಲ್ಲಿ, ಅದೇ ಐಎಸ್‌ಒದಲ್ಲಿ, 1/60 ಹೋಗಿ ಸುಮಾರು 1/500 ಆಗುತ್ತದೆ. ಸಾವಿರಗಟ್ಟಲೆ ಕೊಟ್ಟು ನಾನು ಕೊಂಡದ್ದು ಇದನ್ನೇ, ಈ ಎಂಟು ಪಟ್ಟನ್ನು. ಹೊಸ ಕ್ಯಾಮೆರಾ ತಗೋ ಎಂದು ಆಫೀಸಿನಲ್ಲಿ ಇಬ್ಬರು ಹೇಳಿದ್ದರು. ಬಾಡಿ ಬದಲಿಸಿ ಲೆನ್ಸು ಅದೇ ಇಟ್ಟುಕೊಂಡಿದ್ದರೆ ದುಡ್ಡು ಮೂರು ಪಟ್ಟು ಹೋಗಿ ಮಾಣಿ ಪಟ್ಟೆಯಾಗಿಯೇ ಉಳಿಯುತ್ತಿದ್ದ.

ಕೊಂಡ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕರಾವಳಿಯವರಿಗೆ ಇದು ಮುಖ್ಯ. ಅಂಗಡಿಯವ ಮೊಬೈಲಿಗೆ ಫೋಟೋ ಕಳಿಸಿದ್ದ, ಹೊಸದರ ಹಾಗೆ ಹೊಳೆಯುತ್ತಿತ್ತು. ದುಡ್ಡು ಹಾಕಿ ಕೊರಿಯರಿನಲ್ಲಿ ತರಿಸಿಕೊಳ್ಳುವ ಮನಸ್ಸಿತ್ತು, ಅಣ್ಣ ಬೇಡವೆಂದ. ಒಂದು ಶನಿವಾರ ರಜೆ ಹಾಕಿ ಬಸ್ ಹತ್ತಿದೆ. ಅಂಕೋಲೆ, ಅರಬೈಲ್ ಘಾಟಿನ ತಿರುವು, ಯಲ್ಲಾಪುರದಲ್ಲಿ ಒಂದು ಚಹಾ, ನಾಲ್ಕು ತಾಸಿನ ಮೇಲೆ ಹುಬ್ಬಳ್ಳಿ. ಅಂಗಡಿಯಲ್ಲಿ ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಓರೆಯಾಗಿ ಹಿಡಿದು ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಯಂಥದ್ದು. ಬೂಷ್ಟು.

"ಅದು ಧೂಳು ರೀ ಮೇಡಂ" ಎಂದ ಹುಡುಗ.

ಧೂಳು ಚುಕ್ಕೆಯಾಗಿರುತ್ತದೆ, ಬೂಷ್ಟು ಕವಲೊಡೆಯುತ್ತದೆ. ಉಪ್ಪಿನಕಾಯಿ ಭರಣಿ ನೋಡಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಚುಕ್ಕೆ ಧೂಳಿದ್ದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ, ತಲೆಬಿಸಿ ಬೇಡ. ಬೂಷ್ಟು ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬೇರೆ ಇದೆಯಾ ಎಂದೆ. ಒಳಗಿನಿಂದ ಇನ್ನೊಂದು ತಂದ. ಮೇಲ್ಮೈಗೆ ಗೀರು ಬಿದ್ದಿತ್ತು, ಹಿಡಿಯ ರಬ್ಬರು ಬಿಳಿಚಿತ್ತು, ಆದರೆ ಟಾರ್ಚಿಗೆ ಗಾಜು ತಿಳಿನೀರಿನ ಹಾಗಿತ್ತು. ಕ್ಯಾಮೆರಾಕ್ಕೆ ಹಾಕಿ ಪೂರ್ತಿ ತೆರೆದು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ತಾರೀಕಿಗೆ ಫೋಕಸ್ ಮಾಡಿ ಹತ್ತು ಫೋಟೋ ತೆಗೆದೆ, ದೊಡ್ಡದು ಮಾಡಿ ನೋಡಿದೆ, ಅಂಕಿಗಳು ಚೊಕ್ಕ. 17,000 ಕೊಟ್ಟೆ. ಮೊದಲಿನದಕ್ಕಿಂತ ಐನೂರು ಜಾಸ್ತಿ, ಚೌಕಾಸಿ ನಡೆಯಲಿಲ್ಲ.

ಲೆನ್ಸ್ ಹೇಗಿದೆ? ಫೋಕಸ್ ಬೇಗ ಹಿಡಿಯುತ್ತದೆ, ಸದ್ದಿಲ್ಲ. ಡಿಎಸ್‌ಎಲ್‌ಆರ್ ಫೋಕಸ್ ಹುಡುಕುವಾಗ ಲೆನ್ಸು ಪೂರ್ತಿ ತೆರೆದೇ ಇರುತ್ತದೆ. ಹಾಗಾಗಿ ಆ 18-55 ಆ ಮಬ್ಬಿನಲ್ಲಿ ಹಿಂದೆ ಮುಂದೆ ತಡಕಾಡುತ್ತಿದ್ದ ಜಾಗದಲ್ಲಿ ಇದು ಟಕ್ಕನೆ ನಿಲ್ಲುತ್ತದೆ. ಪೂರ್ತಿ 1.8ಕ್ಕೆ ತೆರೆದರೆ ಬಿಳಿ ಹೆಲ್ಮೆಟ್ಟಿನ ಅಂಚಿಗೆ, ಕಿಟಕಿಯ ಎದುರು ನಿಂತವರ ಸುತ್ತ, ನೇರಳೆ ಬಣ್ಣದ ಗೆರೆ ಬರುತ್ತದೆ. ಎಫ್ 2ಕ್ಕೆ ಸ್ವಲ್ಪ ಕಮ್ಮಿ, 2.8ಕ್ಕೆ ಬಹುಪಾಲು ಮಾಯ. ನಾನು 2ರಲ್ಲಿ ಇಟ್ಟು ಅದನ್ನು ಮುಟ್ಟುವುದೇ ಇಲ್ಲ.

ದೊಡ್ಡ ತೊಂದರೆ ಬೇರೆ ಇದೆ. ಐದು ಮೀಟರ್ ದೂರದಲ್ಲಿ, ಎಫ್ 2ರಲ್ಲಿ, ಚೊಕ್ಕವಾಗಿ ಬರುವ ಆಳ ಒಂದು ಗೇಣಿಗಿಂತ ಚೂರು ಹೆಚ್ಚು, ಅಷ್ಟೇ. ಮಾಣಿಯ ಕೋಲಿನ ತುದಿ ಚೊಕ್ಕ ಇದ್ದರೆ ಮುಖ ಮಸುಕು. ಗೋಲಿಯ ಮುಖದ ಮುಂದಿನ ಸರಳು ಚೊಕ್ಕ ಇದ್ದರೆ ಕಣ್ಣು ಮಸುಕು. ಮೊದಲ ದಿನ ಮುನ್ನೂರು ಫೋಟೋ ತೆಗೆದೆ, ಇಟ್ಟುಕೊಂಡದ್ದು ಒಂಬತ್ತು. ಈ ಲೆನ್ಸು ಹಾಕಿದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಸರಿಯಾದದ್ದು ಎರಡು ಬದಲಾವಣೆಯಿಂದ. ಒಂದು, ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸುವುದನ್ನು ನಿಲ್ಲಿಸಿ, ನಡುವಿನ ಒಂದೇ ಬಿಂದು ಇಟ್ಟು, ಫೋಕಸ್ ನಿರಂತರ ಹಿಂಬಾಲಿಸುವ ಹಾಗೆ ಮಾಡಿಕೊಂಡದ್ದು. ಇನ್ನೊಂದು, ಫೋಕಸ್ಸನ್ನು ಕ್ಯಾಮೆರಾದ ಬೆನ್ನಿನ ಗುಂಡಿಗೆ ವರ್ಗ ಮಾಡಿದ್ದು. ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಅದು ಹುಡುಗನ ಬೆನ್ನು ಹತ್ತುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಗೋಲಿನ ಬಾಯಿಗೆ ಮೊದಲೇ ಫೋಕಸ್ ಮಾಡಿ ಹೆಬ್ಬೆರಳು ತೆಗೆದು ಕಾಯುವುದು, ಯಾರಾದರೂ ಅಲ್ಲಿಗೆ ಬಂದ ಕೂಡಲೇ ಒತ್ತುವುದು. ನಮ್ಮೂರಲ್ಲಿ ಗಾಳ ಹಾಕಿ ಕೂತವರು ಮಾಡುವುದೂ ಅದನ್ನೇ.

ಹುಡುಗರು ಓಡುವಾಗ ತೆಗೆಯುವುದಕ್ಕಿಂತ ನಿಲ್ಲುವಾಗ ತೆಗೆಯುವುದು ಲಾಭ ಎಂದು ಗೊತ್ತಾಗಲು ನನಗೆ ಮೂರು ವಾರ ಹಿಡಿಯಿತು. ನಿಲ್ಲುವುದು ಎಂದರೆ ನಿಜವಾಗಿ ನಿಲ್ಲುವುದಲ್ಲ. ಹೊಡೆಯಲು ಕೋಲು ಹಿಂದಕ್ಕೆ ಎತ್ತಿದಾಗ, ಅದು ಮೇಲೆ ಹೋಗಿ ಕೆಳಗೆ ತಿರುಗುವ ಆ ಒಂದು ಚಿಟಿಕೆ ಹೊತ್ತು ಕೋಲು ಗಾಳಿಯಲ್ಲಿ ತೂಗಿ ನಿಂತಿರುತ್ತದೆ, ಮಾಣಿಯ ನಾಲಿಗೆ ಹಲ್ಲಿನ ನಡುವೆ ಹೊರಬಂದಿರುತ್ತದೆ. ಆಗ 1/320 ಕೂಡ ಸಾಕು. ಸ್ಕೇಟಿನ ಮುಂದಿನ ರಬ್ಬರು ನೆಲಕ್ಕೆ ಊರಿ ತಿರುಗುವಾಗಲೂ ಹಾಗೇ, ಇಡೀ ಮೈ ಒಂದು ಕಾಲಿನ ಮೇಲೆ ಬಂದು ಮುಖ ನಿಮ್ಮ ಕಡೆ ಆಗುತ್ತದೆ.

ಇನ್ನು ಟ್ಯೂಬ್‌ಲೈಟಿನ ಕಾಟ. 1/500ಕ್ಕೆ ಹೋದ ಮೊದಲ ದಿನ ಸಾಲಾಗಿ ಆರು ಫೋಟೋ ತೆಗೆದರೆ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಕಂದು. ಲೆನ್ಸ್ ಹಾಳೆಂದು ಎದೆ ಧಸಕ್ಕೆಂದಿತು. ಲೆನ್ಸಿನದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಚೋಕಿನ ಹಳೇ ಟ್ಯೂಬು ಸೆಕೆಂಡಿಗೆ ನೂರು ಸಲ ಹೊತ್ತಿ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. 1/100ಕ್ಕೆ ತೆಗೆದರೆ ಒಂದು ಏರಿಳಿತ ಪೂರ್ತಿ ಒಳಗೆ ಬರುತ್ತದೆ, ಬಣ್ಣ ಒಂದೇ ಸಮ. 1/500ಕ್ಕೆ ಅದರ ಐದನೇ ಒಂದು ಚೂರು ಮಾತ್ರ, ಏರಿದ್ದೋ ಇಳಿದದ್ದೋ ಸಿಕ್ಕಿದ್ದೇ ಭಾಗ್ಯ. ಇತ್ತೀಚಿನ ಕೆಲವು ಕ್ಯಾಮೆರಾಗಳಲ್ಲಿ ಮಿನುಗು ನೋಡಿಕೊಂಡೇ ಹೊಡೆಯುವ ಸೌಲಭ್ಯವಿದೆ, ಅಣ್ಣನದರಲ್ಲಿ ಇಲ್ಲ. ಹಾಗಾಗಿ ಒಂದು ಹೊಡೆತಕ್ಕೆ ನಾಲ್ಕೈದು ತೆಗೆಯುತ್ತೇನೆ, ಕ್ಯಾಮೆರಾ ತಿದ್ದದೆ ಹಾಗೇ ಇಡುವ ರಾ ಫೈಲಿನಲ್ಲಿ ಉಳಿಸುತ್ತೇನೆ, ಮನೆಯಲ್ಲಿ ಬಣ್ಣ ಸರಿಮಾಡುತ್ತೇನೆ. ಭಾನುವಾರ ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಗುತ್ತದೆ.

ಜಾಗದ ಮಾತು. ನಮ್ಮ ಸಣ್ಣ ಹಾಲಿಗೆ 85 ಚೂರು ಉದ್ದವಾಯಿತು, ಒಪ್ಪಿಕೊಳ್ಳುತ್ತೇನೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೂ ಮಾಣಿ ತಲೆಯಿಂದ ಗಾಲಿವರೆಗೆ ಒಳಗೆ ಬರಲು, ಸುತ್ತ ಸ್ವಲ್ಪ ಜಾಗವೂ ಬೇಕೆಂದರೆ, ಏಳೆಂಟು ಮೀಟರ್ ದೂರ ಇರಬೇಕು. ಹತ್ತಿರ ಬಂದರೆ ಕಾಲು ಕತ್ತರಿ. ಇದು ಜೂಮ್ ಅಲ್ಲ, ನಾವೇ ಹಿಂದೆ ಹೋಗಬೇಕು, ಹಿಂದೆ ಗೋಡೆ. ನಿಮ್ಮ ಹಾಲ್ ಇನ್ನೂ ಸಣ್ಣದಿದ್ದರೆ 50 ಎಂಎಂ, ಎಫ್ 1.8 ತಗೊಳ್ಳಿ, ಅದು ಐದು ಮೀಟರಿನಲ್ಲೇ ಇಡೀ ಹುಡುಗನನ್ನು ಹಿಡಿಯುತ್ತದೆ, ಹಗುರ, ಬೆಲೆಯೂ ತೀರಾ ಕಮ್ಮಿ. ನಾನು 85ಕ್ಕೇ ಅಂಟಿಕೊಂಡದ್ದು ಮೂಲೆಯ ಆಸೆಗೆ. ಗೋಲಿನ ಹಿಂದಿನ ಮೂಲೆಯಲ್ಲಿ, ಬಲೆಯ ಆಚೆ, ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತರೆ ಕ್ಯಾಮೆರಾ ಮಕ್ಕಳ ಎದೆಯ ಮಟ್ಟಕ್ಕೆ ಬರುತ್ತದೆ, ನಡು ಅಂಕಣದಿಂದ ನುಗ್ಗಿ ಬರುವ ಐದಾರು ಮುಖ ಎದುರಾಗುತ್ತವೆ. ನಿಂತು ತೆಗೆದರೆ ಬರೀ ಹೆಲ್ಮೆಟ್ಟಿನ ನೆತ್ತಿ. ಈ ಆಟದ ಗೋಲು ಗಿಡ್ಡ, ಒಂದು ಮೀಟರಿನ ಮೇಲೆ ಐದು ಸೆಂಟಿಮೀಟರ್ ಎತ್ತರ, ಹಾಗಾಗಿ ಗೋಲಿ ಇಡೀ ಆಟ ಕುಕ್ಕರಗಾಲಲ್ಲೇ ಇರುತ್ತಾನೆ.

ಬಲೆಯ ಆಚೆ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಚೆಂಡಿನ ತೂಕ 155 ಗ್ರಾಂ, ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟು. ಎರಡನೇ ವಾರ ಬಲೆಯ ಪಕ್ಕದಲ್ಲಿ ಕೂತಿದ್ದೆ, ಫೋಕಸ್ ಬಿಂದುವಿನೊಳಗೆ ಚೆಂಡು ದೊಡ್ಡದಾಗುತ್ತಾ ಬಂತು, ಎಷ್ಟು ಚೊಕ್ಕ ಬರ್ತಾ ಇದೆ ಎಂದು ಖುಷಿಯಲ್ಲಿ ನೋಡುತ್ತಾ ಇದ್ದೆ. ಕಿವಿಯ ಪಕ್ಕ ಗೋಡೆಗೆ ಬಡಿದು ಸುಣ್ಣ ಹೆಗಲ ಮೇಲೆ ಉದುರಿತು. ಫೋಟೋ ಒತ್ತಿರಲೇ ಇಲ್ಲ.

ಮನೆಯಲ್ಲಿ ಲೆನ್ಸನ್ನು ಕಪಾಟಿನಲ್ಲಿ ಇಡುವುದಿಲ್ಲ. ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಹರಳಿನ ಚೀಲ, ಜೊತೆಗೆ ತೇವ ತೋರಿಸುವ ಸಣ್ಣ ಮೀಟರು. ಶೇಕಡಾ ಐವತ್ತರ ಕೆಳಗಿದ್ದರೆ ನೆಮ್ಮದಿ. ಲೆನ್ಸಿನ ಜೊತೆ ಬಂದ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ತೇವ ಹಿಡಿದಿಡುವುದೇ ಅದು. ಹಾಲಿನಿಂದ ಒದ್ದೆ ಬ್ಯಾಗ್ ತಂದ ದಿನ ಮೊದಲು ಫ್ಯಾನಿನ ಕೆಳಗೆ ಅರ್ಧ ತಾಸು, ಆಮೇಲೆ ಡಬ್ಬಿಗೆ.

ನೀಲಿ ಹರಳು ತೇವ ಕುಡಿದು ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಮೊದಲ ಸಲ ತಿಳಿಯದೆ ಅಡುಗೆಯ ಬಾಣಲೆಯಲ್ಲೇ ಹುರಿದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದ್ದು ಎಂದು ಆಮೇಲೆ ಓದಿ ಆಯಿಗೆ ಹೇಳಿದೆ. "ಆ ಬಾಣಲೆ ಇನ್ನು ಯನ್ನ ಅಡಿಗೆಮನೆಗೆ ಬಪ್ಪದು ಬ್ಯಾಡ" ಅಂದಳು. ಈಗ ಅದು ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಲೆನ್ಸಿನ 17,000ದ ಮೇಲೆ ಹೊಸ ಬಾಣಲೆಯ ಆರುನೂರ ಐವತ್ತನ್ನೂ ಸೇರಿಸಿಕೊಳ್ಳಿ.