4 ಐರನ್, 4 ಹೈಬ್ರಿಡ್, 7 ವುಡ್: ನನ್ನ ಬ್ಯಾಗಿನಲ್ಲಿ ಉಳಿದದ್ದು

ಗಾಲ್ಫ್‌ನಲ್ಲಿ ದೂರದ ಹೊಡೆತಕ್ಕೆ ಈ ಮೂರು ಕ್ಲಬ್‌ಗಳಲ್ಲಿ (ಚೆಂಡು ಹೊಡೆಯುವ ಕೋಲು) ಒಂದನ್ನು ಆರಿಸಬೇಕಿತ್ತು: ತೆಳು ತಲೆಯ ಐರನ್, ದಪ್ಪ ತಲೆಯ ವುಡ್, ಎರಡರ ನಡುವಿನ ಹೈಬ್ರಿಡ್. ಮೂರನ್ನೂ ಹೊಡೆದು ನೋಡಿದ ಮೇಲೆ ನನ್ನ ಆಯ್ಕೆ 7 ವುಡ್. 2020ರ ಮಾಸ್ಟರ್ಸ್ ಟೂರ್ನಿ ಗೆದ್ದ ಡಸ್ಟಿನ್ ಜಾನ್ಸನ್ ಬ್ಯಾಗಿನಲ್ಲೂ ಅದಿತ್ತು, ಹಾಗಾಗಿ ಇದು ವಯಸ್ಸಾದವರ ಕ್ಲಬ್ ಅನ್ನುವ ಮಾತನ್ನು ಬಿಟ್ಟುಬಿಡಿ.

4 ಐರನ್ ನಿಮಗೆ ಬೇಕೋ ಬೇಡವೋ ಎಂದು ಅಭ್ಯಾಸದ ರೇಂಜ್‌ನಲ್ಲೇ ತಿಳಿಯುತ್ತದೆ. 5 ಮತ್ತು 4 ಐರನ್‌ನಲ್ಲಿ ಹತ್ತತ್ತು ಚೆಂಡು ಹೊಡೆದು, ಉರುಳಿದ ದೂರ ಬಿಟ್ಟು ಬಿದ್ದ ಜಾಗ ಮಾತ್ರ ನೋಡಿ. ನಡುವೆ ಎಂಟು-ಹತ್ತು ಯಾರ್ಡ್ ಇಲ್ಲದಿದ್ದರೆ 4 ಐರನ್ ತೆಗೆದಿಡಿ. ಸ್ವಿಂಗ್‌ನ ವೇಗ ಸಾಲದಿದ್ದರೆ (ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಹಿಂದಕ್ಕೆ ವಾಲಿದ ಕೋನವೇ ಲಾಫ್ಟ್) ಅಷ್ಟು ಕಡಿಮೆ ಲಾಫ್ಟ್‌ನಲ್ಲಿ ಚೆಂಡು ಮೇಲೇಳುವುದಿಲ್ಲ. ಬ್ಯಾಗಿಗೆ ಇರುವುದೇ 14 ಕ್ಲಬ್, ಒಂದೇ ದೂರಕ್ಕೆ ಎರಡು ಯಾಕೆ? ಎದುರುಗಾಳಿಯಲ್ಲಿ, ಕೊಂಬೆಗಳ ಕೆಳಗೆ ತಗ್ಗಾಗಿ ಓಡಿಸುವಾಗ ಮಾತ್ರ ಅದಕ್ಕೆ ಸಾಟಿಯಿಲ್ಲ.

ಹೈಬ್ರಿಡ್‌ನ ತಕರಾರು ಒಂದೇ: ಹುಕ್. ಬಲಗೈ ಆಟಗಾರರಿಗೆ ಚೆಂಡು ಎಡಕ್ಕೆ ತಿರುಗಿ ಹೋಗುತ್ತದೆ.

ಮೊದಲು ಚೆಂಡಿನ ಜಾಗ ನೋಡಿ. ವುಡ್‌ನಂತೆ ಎಡ ಹಿಮ್ಮಡಿಯ ನೇರಕ್ಕೆ ಇಟ್ಟರೆ ತಾಗುವಷ್ಟರಲ್ಲಿ ಫೇಸ್ ಮುಚ್ಚಿಕೊಂಡಿರುತ್ತದೆ. ಎರಡು ಚೆಂಡಿನಷ್ಟು ಒಳಕ್ಕೆ ತಂದು, ಐರನ್‌ನಂತೆ ಕೊಂಚ ಕೆಳಮುಖವಾಗಿ ಹೊಡೆಯಿರಿ.

ಆಮೇಲೂ ಎಡಕ್ಕೇ ಹೋದರೆ ಲೈ, ಅಂದರೆ ಶಾಫ್ಟ್ (ಕ್ಲಬ್ಬಿನ ಕೋಲು) ನೆಲದೊಡನೆ ಮಾಡುವ ಕೋನ, ಪರೀಕ್ಷಿಸಿ. ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ನೆಟ್ಟಗೆ ಗೆರೆ ಎಳೆದು ಹೊಡೆಯಿರಿ. ಫೇಸ್ ಮೇಲೆ ಮೂಡಿದ ಗುರುತು ಅಲ್ಲಿನ ಅಡ್ಡ ಗೀರುಗಳಾದ ಗ್ರೂವ್‌ಗಳಿಗೆ ಲಂಬವಾಗಿರದೆ ವಾಲಿದ್ದರೆ ಲೈ ಹೊಂದಿಲ್ಲ. ಐರನ್ ಆದರೆ ಬಗ್ಗಿಸಿಕೊಡುತ್ತಾರೆ, ಹೈಬ್ರಿಡ್‌ನ ಕುತ್ತಿಗೆ ಗಿಡ್ಡ, ಅನೇಕ ಮಾದರಿಗಳಲ್ಲಿ ಅದು ಆಗದ ಕೆಲಸ. ತಲೆಗೆ ಶಾಫ್ಟ್ ಸೇರುವಲ್ಲಿ ತಿರುಗಿಸುವ ಸ್ಲೀವ್ ಇದ್ದರೆ ಲಾಫ್ಟ್ ಒಂದು ಡಿಗ್ರಿ ಇಳಿಸಿ, ಫೇಸ್ ತುಸು ತೆರೆಯುತ್ತದೆ. ಆದರೆ ಚೆಂಡೂ ತಗ್ಗುತ್ತದೆ, ಎತ್ತರಕ್ಕೆಂದೇ ತಂದ ಕ್ಲಬ್ಬಿನಲ್ಲಿ ಎತ್ತರವೇ ಹೋದಂತೆ. ಐರನ್‌ಗಳಲ್ಲಿ ಸ್ಟೀಲ್ ಶಾಫ್ಟ್ ಇಟ್ಟುಕೊಂಡು ಹೈಬ್ರಿಡ್‌ಗೆ ತೀರಾ ಹಗುರ ಗ್ರಾಫೈಟ್ ಹಾಕಿದರೂ ಕೈ ಬೇಗ ತಿರುಗಿ ಇದೇ ಹುಕ್ ಬರುತ್ತದೆ.

7 ವುಡ್‌ನಲ್ಲಿ ಈ ಕಾಟ ನನಗಿಲ್ಲ. ಲಾಫ್ಟ್ ಹೈಬ್ರಿಡ್‌ನಷ್ಟೇ, ಸುಮಾರು 21 ಡಿಗ್ರಿ. ಆದರೆ ತಲೆಯ ತೂಕ ಇನ್ನೂ ಹಿಂದಕ್ಕಿರುವುದರಿಂದ ಚೆಂಡು ಎತ್ತರಕ್ಕೆ ಹೋಗಿ ಕಡಿದಾಗಿ ಇಳಿದು ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ನಿಲ್ಲುತ್ತದೆ. ಶಾಫ್ಟ್ ಉದ್ದ ಅನ್ನಿಸಿದರೆ ಅರ್ಧ ಇಂಚು ಕೆಳಗೆ ಹಿಡಿಯಿರಿ.

ಆಳದ ರಫ್‌ನಲ್ಲಿ, ಅಂದರೆ ಬದಿಯ ಎತ್ತರದ ಹುಲ್ಲಿನಲ್ಲಿ, ಅದೂ ಮಳೆಗಾಲದಲ್ಲಿ ಒದ್ದೆಯಾಗಿದ್ದಾಗ, ಹೈಬ್ರಿಡ್ ಮೇಲು. ನಾನು ಹೆಚ್ಚಾಗಿ ಹೊಡೆಯುವುದು ನಡುವಿನ ಕತ್ತರಿಸಿದ ಹುಲ್ಲಿನ ಫೇರ್‌ವೇಯಿಂದ, ಸ್ವಿಂಗ್ ಗುಡಿಸಿದಂತೆ ಚಪ್ಪಟೆ. ಚೆಂಡಿನ ಮೇಲೆ ಕಡಿದಾಗಿ ಇಳಿದು ದೊಡ್ಡ ಡಿವಟ್ (ಹುಲ್ಲು-ಮಣ್ಣಿನ ಹೆಂಟೆ) ಎತ್ತುವವರು ಹೈಬ್ರಿಡ್ಡನ್ನೇ ಕೊಳ್ಳಲಿ. 7 ವುಡ್‌ಗೆ ಸ್ಲೀವ್ ಇಲ್ಲದ ಹಳೆಯ ಮಾದರಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು: ಫೇಸ್‌ನಲ್ಲಿ ಬಿರುಕಿಲ್ಲ, ತಲೆ ಅಲ್ಲಾಡಿಸಿದರೆ ಒಳಗೆ ಸದ್ದಿಲ್ಲ ಎಂದು ನೋಡಿಕೊಂಡು, ಗ್ರಿಪ್ ಹೊಸದು ಹಾಕಿಸಿ.