ಹೆಂಚಿನ ಮನೆಗೆ ಆರ್‌ಸಿಸಿ ಟಿಕ್: ಭಾರತ್ ಗೃಹ ರಕ್ಷಾ ಪಾಲಿಸಿ ಕೊಂಡ ಕಥೆ

"ಅಮ್ಮಾ, ಚಾವಣಿ ಆರ್‌ಸಿಸಿ ಅಂತಲೇ ಹಾಕಿಬಿಡ್ತೀನಿ. ಹೆಂಚು ಅಂದ್ರೆ ಸುಮ್ನೆ ಪ್ರಶ್ನೆ ಜಾಸ್ತಿ."

ಏಜೆಂಟ್ ಹುಡುಗ ಈ ಮಾತು ಹೇಳಿದ್ದು ನಮ್ಮನೆ ಜಗಲಿಯಲ್ಲಿ, ಮಂಗಳೂರು ಹೆಂಚಿನ ಕೆಳಗೇ ಕೂತು. ತಲೆ ಎತ್ತಿದ್ದರೆ ಪಕಾಸು, ರೀಪು, ಹೆಂಚು, ನಡುವೆ ಎರಡು ಗಾಜಿನ ಹೆಂಚು ಎಲ್ಲ ಕಾಣುತ್ತಿತ್ತು. ಎತ್ತಲಿಲ್ಲ. ಮೊಬೈಲ್ ನೋಡುತ್ತಾ ಒಂದೊಂದೇ ಟಿಕ್ ಹಾಕುತ್ತಾ ಹೋದ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ 31 ವರ್ಷ ಕೂತವಳು. ನಾಮಿನಿಯ ಹೆಸರಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಗಂಡ ಸತ್ತ ಹೆಂಗಸರು ಎಷ್ಟು ಸಲ ಅಲೆದಿದ್ದಾರೆ ಅಂತ ಕಂಡಿದ್ದೇನೆ. ಅದಕ್ಕೇ ಮೊಬೈಲ್ ಇಸ್ಕೊಂಡು, "ಚಹಾ ಕುಡಿಯಪ್ಪ, ನಾನೇ ತುಂಬ್ತೀನಿ" ಅಂದೆ.

ಪಾಲಿಸಿ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಇದು ಮನೆಗೆ ಮಾಡಿಸುವ ವಿಮೆ, ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಕ ಐಆರ್‌ಡಿಎಐ ಇದನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮರ ಬೀಳುವುದು ಎಲ್ಲ ಒಳಗೆ ಬರುತ್ತದೆ. ಮನೆ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ, ತಾನಾಗೇ ಸೇರಿಕೊಳ್ಳುತ್ತದೆ. ಪಾಲಿಸಿ ಒಳ್ಳೆಯದೇ. ಕಷ್ಟ ಇರೋದು ಅದನ್ನು ಮಾರುವ ಅವಸರದಲ್ಲಿ.

ಆ ಹುಡುಗ ವಿಸ್ತೀರ್ಣ 1,900 ಚದರಡಿ ಅಂತ ಬರೆದಿದ್ದ. ಹೊರಗಿನಿಂದ ಹೆಜ್ಜೆ ಹಾಕಿ ಅಳೆದ ಲೆಕ್ಕ. ಪಾಲಿಸಿ ಕೇಳುವುದು ಕಾರ್ಪೆಟ್ ಏರಿಯಾ. ಅಂದರೆ ಹೊರಗೋಡೆಯ ದಪ್ಪ ಬಿಟ್ಟು, ತೆರೆದ ಜಗಲಿ ಬಿಟ್ಟು, ಒಳಗೆ ಓಡಾಡುವ ಜಾಗ. ಒಳಗಿನ ಗೋಡೆಗಳು ಸೇರುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಜಂಬಿಟ್ಟಿಗೆ ಮನೆ ನಮ್ಮದು, ಹೊರಗೋಡೆಯೇ ಒಂದೂವರೆ ಅಡಿ ದಪ್ಪ! ನಮ್ಮನೆಯವರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ. ಅಕ್ಕಿ ಡ್ರಮ್ ಸರಿಸಿ, ದೇವರ ಕೋಣೆಯಲ್ಲಿ ದೀಪದ ಕಂಬ ಎತ್ತಿಟ್ಟು ಅಳೆದಾಗ ಸಿಕ್ಕಿದ್ದು 1,400 ಚದರಡಿ, ಅಂದರೆ 130 ಚದರ ಮೀಟರ್. ಕಟ್ಟುವ ಖರ್ಚು ಚದರ ಮೀಟರಿಗೆ 19,000 ಅಂತ ಮೇಸ್ತ್ರಿ ಲೆಕ್ಕ ಕೊಟ್ಟರು, ಕಂಪನಿಯೂ ಒಪ್ಪಿತು. 24,70,000 ರೂಪಾಯಿ. ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ. ಮನೆ ಬಿದ್ದರೆ ಜಾಗ ಎಲ್ಲೂ ಹೋಗಲ್ಲ, ಅಲ್ವಾ? ಬೆಂಗಳೂರಲ್ಲಿರುವ ಮಗಳು ಇದೇ ತಪ್ಪು ಮಾಡಿದ್ದಳು. ಫ್ಲಾಟಿಗೆ ಕೊಟ್ಟ ಪೂರ್ತಿ ಬೆಲೆಯನ್ನೂ ಮೆಟ್ಟಿಲು, ಲಿಫ್ಟಿನ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ಅಳತೆಯನ್ನೂ ಬರೆದುಕೊಟ್ಟು, ಎರಡು ವರ್ಷ ಸುಮ್ಮನೆ ಹೆಚ್ಚಿನ ಪ್ರೀಮಿಯಂ ಕಟ್ಟಿದಳು.

ಇನ್ನು ಚಾವಣಿ. ಹೆಂಚು ಅಂತ ಬರೆದರೆ ಪ್ರೀಮಿಯಂ ಎಷ್ಟು ಏರುತ್ತದೋ ಅಂತ ನನಗೂ ಅಳುಕಿತ್ತು. ಒಂದು ರೂಪಾಯಿಯೂ ಏರಲಿಲ್ಲ. ಪಾಲಿಸಿಯವರ ಲೆಕ್ಕದಲ್ಲಿ ಕಚ್ಚಾ ಕಟ್ಟಡ ಅಂದರೆ ಹಲಗೆ, ಬಿದಿರು, ಹುಲ್ಲು, ಗರಿ, ಟಾರ್ಪಾಲ್ ಇಂಥವುಗಳ ಗೋಡೆ ಅಥವಾ ಮಾಡು. ಹೆಂಚು ಆ ಪಟ್ಟಿಯಲ್ಲೇ ಇಲ್ಲ. ಬೇಕಿಲ್ಲದ ಸುಳ್ಳೊಂದನ್ನು ಅವನು ನನ್ನ ಹೆಸರಲ್ಲಿ, ನನ್ನ ಸಹಿಯ ಮೇಲೆ ಬರೆಯಲು ಹೊರಟಿದ್ದ.

ಆದರೆ ಕೊಟ್ಟಿಗೆ ಕಚ್ಚಾ ಲೆಕ್ಕಕ್ಕೇ ಬರುತ್ತದೆ. ಅಡಿಕೆ ದಬ್ಬೆಯ ಗೋಡೆ, ಸೋಗೆಯ ಮಾಡು, ಮನೆಯ ಹಿಂದಿನ ಗೋಡೆಯಿಂದ ಹನ್ನೆರಡು ಅಡಿ ದೂರ. "ಅದನ್ಯಾಕೆ ಹೇಳ್ತೀರಮ್ಮಾ" ಅಂದ ಹುಡುಗ. ಸೋಗೆಗೆ ಕಿಡಿ ತಾಗಿದರೆ ಬೆಂಕಿ ಬರುವುದು ನನ್ನ ಅಡುಗೆಮನೆಗೆ ತಾನೇ? ಹೇಳಿದೆ. ಫೋಟೋನೂ ಕಳಿಸಿದೆ. ಜನ ವಾಸ ಮಾಡುವ ಕಟ್ಟಡ ಅಲ್ಲ, ಹಾಗಾಗಿ ಕೊಟ್ಟಿಗೆಗೆ ವಿಮೆ ಇಲ್ಲ, ಮನೆಗೆ ಇದೆ ಅಂತ ಇಮೇಲ್‌ನಲ್ಲಿ ಉತ್ತರ ಬಂತು. ಅಟ್ಟದ ಮೇಲಿದ್ದ ರಾಶಿ ಅಡಿಕೆ ಚೀಲಗಳ ಬಗ್ಗೆಯೂ ಕೇಳಿದ್ದೆ. ಅದು ಮಾರುವ ಮಾಲು, ಮನೆ ಸಾಮಾನಲ್ಲ ಅಂದರು. ಏಜೆಂಟ್ ಮಾತ್ರ ಬಾಯಲ್ಲಿ "ಎಲ್ಲಾ ಸೇರುತ್ತೆ" ಅಂದಿದ್ದ. ಬಾಯಿಮಾತಿಗೆ ರಸೀದಿ ಇಲ್ಲ.

ಮನೆಯ ವಯಸ್ಸಿನ ಜಾಗದಲ್ಲಿ 20 ಅಂತ ಬರೆದಿದ್ದ. ನೆಲಕ್ಕೆ ಟೈಲ್ಸ್ ಹಾಕಿಸಿ 20 ವರ್ಷ ಆಗಿದೆ, ನಿಜ. ಮಾವ ಮನೆ ಕಟ್ಟಿಸಿದ್ದು 1962ರಲ್ಲಿ. ಅದನ್ನೂ ತಿದ್ದಿದೆ. ಕೊನೆಗೆ ಬಂದ ಪ್ರೀಮಿಯಂ ವರ್ಷಕ್ಕೆ 1,600 ಚಿಲ್ಲರೆ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ಒಂದು ರಾತ್ರಿ ಹಿತ್ತಲಿನ ಹಲಸಿನ ದೊಡ್ಡ ಕೊಂಬೆ ಮುರಿದು ಮಾಡಿನ ಮೇಲೆ ಬಿತ್ತು. ಆ ಸದ್ದಿಗೆ ಎದ್ದು ನೋಡಿದರೆ ಊಟದ ಕೋಣೆಯೊಳಗೆ ಹಲಸಿನ ಎಲೆ! ಹೆಂಚಿನ ಚೂರಿನ ನಡುವೆ ಒಂದು ಎಳೆಕಾಯಿಯೂ ಬಿದ್ದಿತ್ತು. ಬೆಳಗಾಗುತ್ತಲೇ ಕಂಪನಿಗೆ ತಿಳಿಸಿದೆ. ಟೋಲ್ ಫ್ರೀ ನಂಬರಿನಲ್ಲಿ ನಲವತ್ತು ನಿಮಿಷ ಸಂಗೀತ ಕೇಳಿಸಿದರು, ಕೊನೆಗೆ ಇಮೇಲೇ ಗತಿಯಾಯಿತು. ಫೋಟೋ ತೆಗೆದು ಟಾರ್ಪಾಲ್ ಹೊದಿಸಿದೆವು. ಮುರಿದ ಹೆಂಚನ್ನು ಎಸೆಯಲಿಲ್ಲ, ಜಗಲಿಯ ಮೂಲೆಯಲ್ಲಿ ಪೇರಿಸಿಟ್ಟೆ. 240 ಇದ್ದವು.

ನಷ್ಟ ಎಷ್ಟು ಅಂತ ಅಳೆಯುವ ಸರ್ವೇಯರ್ ಬಂದಿದ್ದು ಆರನೇ ದಿನ. ಮಿತಭಾಷಿ ಮನುಷ್ಯ. ಚೀಲದಿಂದ ತೆಗೆದ ಮೊದಲ ಕಾಗದವೇ ನಾನು ತುಂಬಿದ ಫಾರಂನ ಪ್ರತಿ. ಅದನ್ನು ಎಡಗೈಯಲ್ಲಿ ಹಿಡಿದು ತಲೆ ಎತ್ತಿ ಮಾಡು ನೋಡಿದರು, ಮತ್ತೆ ಕಾಗದ ನೋಡಿದರು. ಗೋಡೆ, ನೆಲ, ಹಿಂದಿನ ಕೊಟ್ಟಿಗೆ, ಒಂದೊಂದಕ್ಕೂ ಹಾಗೆಯೇ. ಹೆಂಚು ಎಣಿಸಿದರು. ಕಾಫಿ ಕೊಡುವಾಗ ಕೇಳಿದೆ, "ಸರ್, ಇದರಲ್ಲಿ ಆರ್‌ಸಿಸಿ ಅಂತ ಇದ್ದಿದ್ರೆ?" ಅವರು ಲೋಟ ಕೆಳಗಿಟ್ಟು, "ಆಗ ನಾನು ಬರೆಯೋ ರಿಪೋರ್ಟೇ ಬೇರೆ ಅಮ್ಮಾ" ಅಂದರು. ಅಷ್ಟೇ.

ಇಷ್ಟೆಲ್ಲ ಹೇಳಿಕೊಂಡವಳು ನಾನೂ ಎಡವಿದ್ದೇನೆ. ಪಾಲಿಸಿ ತಗೊಂಡ ಐದು ತಿಂಗಳಿಗೆ ಮಾಡಿನ ಮೇಲೆ ಸೋಲಾರ್ ಹೀಟರ್ ಕೂರಿಸಿದ್ದೆವು. ಕೊಂಬೆ ಅದರ ಗಾಜಿನ ಕೊಳವೆಗಳನ್ನೂ ಪುಡಿ ಮಾಡಿತ್ತು. ಸೋಲಾರ್, ನೀರಿನ ಟ್ಯಾಂಕ್, ಕಾಂಪೌಂಡ್, ಗೇಟು, ಧರೆಗೆ ಕಟ್ಟಿದ ತಡೆಗೋಡೆ, ಜಗಲಿ, ಸೆಪ್ಟಿಕ್ ಟ್ಯಾಂಕ್, ಇವೆಲ್ಲ ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ಬರುವುದಿಲ್ಲ. ಇವನ್ನು ಹೆಚ್ಚುವರಿ ನಿರ್ಮಾಣ ಅಂತ ಬೇರೆಯೇ ಬೆಲೆ ಹಾಕಿ ತೋರಿಸಬೇಕು. ನಾನು ತೋರಿಸಿದ್ದು ಜಗಲಿ ಒಂದನ್ನೇ. ಹೀಟರ್ ಕೂರಿಸಿದ ಮೇಲಾದರೂ ಒಂದು ಇಮೇಲ್ ಹಾಕಬಹುದಿತ್ತು, ಹಾಕಲಿಲ್ಲ. ನಾನು ಕೇಳಿದ್ದು 61,000. ಹೆಂಚು, ನಾಲ್ಕು ಪಕಾಸು, ರೀಪು, ಕೂಲಿ, ಕಸ ಸಾಗಿಸಿದ್ದು ಎಲ್ಲ ಸೇರಿ 38,400 ಬಂತು. ಸೋಲಾರಿನ 22,600 ಬರಲಿಲ್ಲ. ಹೊಟ್ಟೆ ಉರಿಯಿತು. ಆದರೆ ಯಾರ ಜೊತೆ ಜಗಳ ಆಡಲಿ? ಫಾರಂ ತುಂಬಿದವಳು ನಾನೇ. ದುಡ್ಡು ಖಾತೆಗೆ ಬಿದ್ದಿದ್ದು 41ನೇ ದಿನ.

ಅಂಕ ಕೊಡುವುದಾದರೆ ಪಾಲಿಸಿಗೆ ಐದಕ್ಕೆ ನಾಲ್ಕು. ವಿಮಾ ಮೊತ್ತ ಸ್ವಲ್ಪ ಕಡಿಮೆ ಬಿದ್ದಿದೆ ಅಂತ ಪರಿಹಾರದಲ್ಲಿ ಪ್ರಮಾಣಕ್ಕೆ ತಕ್ಕಂತೆ ಕತ್ತರಿಸುವ ಹಳೆಯ ಪದ್ಧತಿ ಇದರಲ್ಲಿಲ್ಲ, ಅದು ದೊಡ್ಡ ಅನುಕೂಲ. ಒಂದು ಅಂಕ ಕಳೆದಿದ್ದು ಫಾರಂಗೆ. ಹೆಚ್ಚುವರಿ ನಿರ್ಮಾಣದ ಕಾಲಂ ಎಷ್ಟು ಸಣ್ಣ ಅಕ್ಷರದಲ್ಲಿದೆ ಅಂದರೆ, ಕನ್ನಡಕ ಹಾಕಿದ ನನಗೇ ಜಗಲಿ ಬಿಟ್ಟು ಉಳಿದದ್ದೆಲ್ಲ ತಪ್ಪಿಹೋಗಿತ್ತು. ಸರ್ವೇಯರ್‌ಗೆ ಐದು. ಟೋಲ್ ಫ್ರೀ ನಂಬರಿಗೆ ಒಂದು, ಅದೂ ಸಂಗೀತಕ್ಕೆ. ಏಜೆಂಟ್ ಹುಡುಗನಿಗೆ ಎರಡು. ಕೆಟ್ಟವನಲ್ಲ, ತಿಂಗಳ ಟಾರ್ಗೆಟ್ ಅವನ ಬೆನ್ನು ಹತ್ತಿತ್ತು ಅಷ್ಟೇ.

ಮೊನ್ನೆ ರಿನ್ಯೂವಲ್‌ಗೆ ಅವನೇ ಬಂದಿದ್ದ. ಈ ಸಲ ಜಗಲಿ ಹತ್ತುವ ಮೊದಲೇ ಅಂಗಳದಲ್ಲಿ ನಿಂತು ಮಾಡು ನೋಡಿದ. ಹೊಸ ಫಾರಂನಲ್ಲಿ ಸೋಲಾರ್ ಇದೆ, ಗೇಟಿದೆ, ಕಾಂಪೌಂಡಿದೆ, ಹಿಂದಿನ ತಡೆಗೋಡೆಯೂ ಇದೆ. ಸೆಪ್ಟಿಕ್ ಟ್ಯಾಂಕ್ ಎಷ್ಟು ಅಡಿ ಅಂತ ನಮ್ಮನೆಯವರಿಗೆ ನೆನಪಾಗುತ್ತಿಲ್ಲ. ಮೇಸ್ತ್ರಿಗೆ ಫೋನ್ ಮಾಡಬೇಕು.