ಸೊಂಟಕ್ಕೆ ಯಾವುದು ಹಿತ: ಕುಶನ್ನೋ, ಶಾಕ್ ಅಬ್ಸಾರ್ಬರೋ, ಬೆಲ್ಟೋ?

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ದೇವಿಮನೆ ಘಟ್ಟ ಇಳಿದು ಕತಗಾಲ ದಾಟುವ ಹೊತ್ತಿಗೆ ಸೊಂಟ ಹಿಡಿದುಕೊಂಡರೆ ಬೈಕ್ ಸವಾರರು ಮೊದಲು ಹುಡುಕುವುದು ಸೀಟ್ ಕುಶನ್ನು. ಅಲ್ಲೇ ಲೆಕ್ಕ ತಪ್ಪುವುದು. ಒಂದೇ 100 ಸಿಸಿ ಬೈಕು, ಅದೇ ದಾರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಇಟ್ಟುಕೊಂಡು ಹೋಲಿಸಿದರೆ ಬಿಡಿಗಾಸಿನ ಕೆಲಸಗಳೇ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಸಾವಿರ ರೂಪಾಯಿಯ ವಸ್ತುಗಳಿಗೆ ಜಾಗ ಅದರ ಹಿಂದೆ.

ನಡುಕದಲ್ಲಿ ಎರಡು ಜಾತಿ. ಎಂಜಿನ್ 5000 ಆರ್‌ಪಿಎಮ್‌ನಲ್ಲಿ, ಅಂದರೆ ನಿಮಿಷಕ್ಕೆ 5000 ಸುತ್ತಿನಲ್ಲಿ, ಓಡುವಾಗ ಸೆಕೆಂಡಿಗೆ 83 ಸಲ ನಡುಗುತ್ತದೆ. ಅದರಿಂದ ಅಂಗೈ ಜೋಮು ಹಿಡಿಯುತ್ತದೆ, ಪಾದ ಜುಮ್ಮೆನ್ನುತ್ತದೆ. ಸೊಂಟ ಕೆಡಿಸುವುದು ಇದಲ್ಲ, ರಸ್ತೆಯ ನಿಧಾನದ ಕುಲುಕು. ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 6 ಸಲದ ಮೇಲೆ-ಕೆಳಗಿನ ಕುಲುಕಿಗೆ ತಾನೂ ತಾಳ ಹಾಕುತ್ತದೆ. ಸೀಟಿನಿಂದ ಬಂದದ್ದು ಮೈಯೊಳಗೆ ಹೆಚ್ಚಾಗುತ್ತದೆ. ಡಾಂಬರು ಅಲೆ ಎದ್ದು ಎರಡೆರಡು ಮೀಟರಿಗೆ ಒಂದು ಉಬ್ಬು ಇರುವ ಕಡೆ 36 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಸರಿಯಾಗಿ 5 ಕುಲುಕು. ಅಲ್ಲೇ 18ಕ್ಕೆ ಇಳಿಸಿದರೆ ಎರಡೂವರೆ. ಹಾಗಾಗಿ ‘ಹಗುರಕ್ಕೆ ಹೋಗು ಮಾರಾಯ’ ಎನ್ನುವ ಮನೆಯವರ ಮಾತಿಗೆ ಗಣಿತದ ಬೆಂಬಲವೂ ಇದೆ.

ಟೈರಿನ ಗಾಳಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಫಲ ಅದೇ ದಿನ. ಸಾಮಾನ್ಯ 100 ಸಿಸಿ ಬೈಕಿಗೆ ಒಬ್ಬರೇ ಸವಾರರಿದ್ದರೆ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು ಸಾಕು. ನಿಮ್ಮ ಗಾಡಿಯ ಸ್ಟಿಕರಿನಲ್ಲಿದ್ದದ್ದೇ ಕೊನೆ ಮಾತು. ಗಾಳಿ ಹಾಕುವವರು ಕೇಳದಿದ್ದರೆ ಎರಡಕ್ಕೂ 35 ತುಂಬಿಬಿಡುತ್ತಾರೆ, ಆಗ ಟೈರು ಕಲ್ಲಿನಂತೆ. ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಇಳಿಸಿದರೆ ಮಾರನೆ ದಿನ ಕಡಿಮೆ. ಹಿತವಾಗಲಿ ಎಂದು ಬೇಕೆಂದೇ 20ಕ್ಕೆ ಇಳಿಸಬಾರದು: ಘಟ್ಟದ ತಿರುವಿನಲ್ಲಿ ಬಾಲ ತೊನೆಯುತ್ತದೆ, ಚೂಪು ಹೊಂಡಕ್ಕೆ ಟ್ಯೂಬು ರಿಮ್ಮಿಗೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರಿಗೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ನೋವಿನ ದೊಡ್ಡ ಪಾಲು ಇಲ್ಲೇ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂಥ ಹಲ್ಲುಗಳ ಬಳೆ ಇರುತ್ತದೆ, ಹೆಚ್ಚಿನ ಬೈಕುಗಳಲ್ಲಿ ಐದು ಹಂತ. ಅಡಿಕೆ ಚೀಲ ಹೇರುವ ದಿನ ಮೇಲಿನ ಹಂತಕ್ಕೆ ತಿರುಗಿಸಿ, ಆಮೇಲೆ ಮರೆತುಬಿಡುವುದೇ ಜಾಸ್ತಿ. ಹಗುರ ಸವಾರ ಒಬ್ಬನೇ ಕೂತಾಗ ಆ ಸ್ಪ್ರಿಂಗು ತಗ್ಗುವುದೇ ಇಲ್ಲ, ಚಕ್ರ ಹೊಂಡಕ್ಕೆ ಇಳಿಯುವಾಗಲೂ ಏಳುವಾಗಲೂ ಪೆಟ್ಟು. ಸರಿ ಮಾಡಲು: ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಎತ್ತರದಲ್ಲಿರುವಾಗ ಆಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪ್ ಹಿಡಿಯಿರಿ. ಸ್ಟ್ಯಾಂಡ್ ತೆಗೆದು ನೀವು ಕೂತ ಮೇಲೆ ಇನ್ನೊಬ್ಬರಿಂದ ಮತ್ತೆ ಅಳೆಸಿ. ವ್ಯತ್ಯಾಸ ಚಕ್ರದ ಒಟ್ಟು ಆಟದ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇರಲಿ, 80 ಮಿ.ಮೀ. ಆಡುವ ಕಡೆ 20ರಿಂದ 27. ಕಡಿಮೆ ಬಂದರೆ ಬಳೆಯನ್ನು ಕೆಳಗಿನ ಹಂತಕ್ಕೆ, ಹೆಚ್ಚು ಬಂದರೆ ಮೇಲಿನದಕ್ಕೆ ತಿರುಗಿಸಿ. ಎರಡೂ ಬದಿ ಒಂದೇ ಹಂತ. ಟೂಲ್ ಕಿಟ್ಟಿನ ಸಿ ಸ್ಪ್ಯಾನರ್ ಸಾಕು.

ಎಣ್ಣೆ ಹೋದ ಶಾಕಿಗೆ ಮಾತ್ರ ಯಾವ ಹಂತವೂ ಮದ್ದಲ್ಲ. ಸೀಟಿನ ಹಿಂದಿನ ತುದಿಯನ್ನು ಒಮ್ಮೆ ಜೋರಾಗಿ ಒತ್ತಿ ಬಿಡಿ. ಮೇಲೆ ಬಂದು ನಿಂತರೆ ಸರಿ, ಎರಡು ಮೂರು ಸಲ ತೂಗಿದರೆ ಶಾಕಿನ ಕಥೆ ಮುಗಿಯಿತು. ರಾಡಿನ ಸೀಲಿನ ಹತ್ತಿರ ಬೆರಳಾಡಿಸಿದರೆ ಎಣ್ಣೆ ಪಸೆಗೆ ಧೂಳು ಕೂತು ಕಟ್ಟಿದ ಕಪ್ಪು ಬಳೆ ಸಿಗುತ್ತದೆ. ನಮ್ಮ ಮಳೆಗಾಲದ ಕೆಂಪು ಕೆಸರು ಸೀಲನ್ನು ಉಜ್ಜಿ ತಿನ್ನುತ್ತದೆ. ಗಾಡಿ ತೊಳೆಯುವಾಗ ಅಲ್ಲೊಂದು ಬಟ್ಟೆ ಆಡಿಸಿದರೆ ಬಾಳಿಕೆ ಬಂತು. ಬದಲಿಸುವುದಾದರೆ ಜೋಡಿಯನ್ನೇ ಬದಲಿಸಿ.

ಇನ್ನು ಸೀಟು. ಮೆತ್ತಗಿದ್ದಷ್ಟು ಒಳ್ಳೆಯದು ಎಂಬ ನಂಬಿಕೆಯೇ ಇಲ್ಲಿ ತೊಡಕು. ದಪ್ಪ ಮೆತ್ತನೆ ಫೋಮೂ ಒಂದು ಸ್ಪ್ರಿಂಗೇ. ಮೇಲೆ ಮನುಷ್ಯ ಕೂತಾಗ ಅದು ಕುಣಿಯುವುದು ಸೆಕೆಂಡಿಗೆ 4ರ ಆಸುಪಾಸು, ಅಂದರೆ ಬೆನ್ನಿಗೆ ಬೇಡವಾದ ಅದೇ ತಾಳ. ಹಳೆ ಸೀಟಿನ ಮೇಲೆ ಎರಡಿಂಚು ಸ್ಪಂಜು ಏರಿಸಿ ರೆಗ್ಜಿನ್ ಹೊಲಿಸಿದರೆ ಮೊದಲ ವಾರ ಸುಖ, ಆಮೇಲೆ ಚಪ್ಪಟೆ. ಹೊಲಿಗೆಯ ತೂತಿನಿಂದ ನೀರು ಕುಡಿದು ಜುಲೈ ಇಡೀ ಒದ್ದೆ. ತಳದ ಪ್ಲಾಸ್ಟಿಕ್ ತಾಗುವಷ್ಟು ಕುಸಿದಿದ್ದರೆ ಗಟ್ಟಿ ಫೋಮಿನಲ್ಲಿ ಮೊದಲಿನ ಎತ್ತರಕ್ಕೇ ತುಂಬಿಸುವುದು ಲೇಸು.

ಜೆಲ್ ಪ್ಯಾಡು ಪೃಷ್ಠದ ಎಲುಬಿನ ಒತ್ತಡ ಹಂಚುತ್ತದೆ, ಕುಲುಕು ತಡೆಯುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಜೆಲ್ ಮೇಲೆ ಕೂತವರಿಗೆ ಹೆಚ್ಚು ವಿವರಿಸಬೇಕಿಲ್ಲ. ಗಾಳಿ ಕುಶನ್ ಇವೆರಡಕ್ಕಿಂತ ಮೇಲು, ಆದರೆ ಬಿಗಿಯಾಗಿ ಊದಿದರೆ ಚೆಂಡಿನ ಮೇಲೆ ಕೂತ ಹಾಗೆ. ಪೂರ್ತಿ ಊದಿ, ಮೇಲೆ ಕೂತು, ವಾಲ್ವಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ ಬನ್ನಿ. ಎಲುಬು ಸೀಟಿಗೆ ತಾಗಲು ಒಂದು ಬೆರಳು ಬಾಕಿ ಇರುವಾಗ ನಿಲ್ಲಿಸಿ. ಪಟ್ಟಿ ಸಡಿಲವಿದ್ದರೆ ತಿರುವಿನಲ್ಲಿ ಜಾರುತ್ತದೆ. ಅಂಕೋಲೆ–ಕಾರವಾರದ ನೇರ ಹೆದ್ದಾರಿಯಲ್ಲಿ ಬಲು ಆರಾಮ, ದೇವಿಮನೆಯಲ್ಲಿ ಅಷ್ಟಕ್ಕಷ್ಟೇ.

ಬೆಲ್ಟು ಕುಲುಕನ್ನು ಒಂದಿಷ್ಟೂ ಕಡಿಮೆ ಮಾಡದು. ಬೆನ್ನು ಬಾಗಿಸಿದಾಗ ಬಿಗಿದು ನೆನಪಿಸುತ್ತದೆ, ಅಷ್ಟೇ ಅದರ ಉಪಕಾರ. ಕರಾವಳಿಯ ಸೆಕೆಗೆ ಕಟ್ಟಿಕೊಂಡರೆ ಸೊಂಟದ ಸುತ್ತ ಬೆವರುಸಾಲೆ ಉಚಿತ.

ಇವೆಲ್ಲವನ್ನೂ ಮೀರಿಸುವುದು ಕಾಲು. ಕುದುರೆ ಸವಾರರು ಟ್ರಾಟ್ ಎಂಬ ಕುಲುಕು ಓಟದಲ್ಲಿ ಎರಡು ಹೆಜ್ಜೆಗೊಮ್ಮೆ ಜೀನಿನಿಂದ ಮೇಲೆದ್ದು ಕೂರುತ್ತಾರೆ. ಪೆಟ್ಟನ್ನು ಮಂಡಿ ಮತ್ತು ಹರಡು ತಿನ್ನುತ್ತವೆ, ಸೊಂಟಕ್ಕೆ ಉಳಿಯುವುದು ಕಡಿಮೆ. ಬೈಕಿನಲ್ಲೂ ರಸ್ತೆಯ ಉಬ್ಬಿಗೆ ಮೊದಲು ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಸೀಟಿನಿಂದ ಎರಡಿಂಚು ಏಳಿ, ಮಂಡಿ ಸ್ವಲ್ಪ ಮಡಚಿರಲಿ, ಹ್ಯಾಂಡಲಿಗೆ ಜೋತುಬೀಳಬೇಡಿ. ಹಿಂದಿನ ಚಕ್ರ ದಾಟಿದ ಮೇಲೇ ಕೂರುವುದು. ಅವಸರಪಟ್ಟು ಕೂತರೆ ಅದೇ ಪೆಟ್ಟು ದುಪ್ಪಟ್ಟು.

ಸ್ಕೂಟರಿನಲ್ಲಿ ಈ ಉಪಾಯ ನಡೆಯದು. ಪಾದ ಮುಂದೆ ಚಾಚಿರುವುದರಿಂದ ಭಾರ ಪೂರ್ತಿ ಪೃಷ್ಠದ ಮೇಲೆ. ಮೇಲಾಗಿ ಎಂಜಿನ್ ಹಿಂದಿನ ಚಕ್ರದ ಜೊತೆಯೇ ಮೇಲೆ-ಕೆಳಗೆ ಆಡುತ್ತದೆ, ಆ ತೂಕವನ್ನು ಶಾಕ್ ಹಿಡಿದಿಡಲು ಹೆಣಗುತ್ತದೆ. 10 ಇಂಚಿನ ಚಕ್ರ ಬಿದ್ದು ಏಳುವ ಹೊಂಡವನ್ನು 18 ಇಂಚಿನದು ಮೇಲಿಂದಲೇ ಉರುಳಿ ದಾಟುತ್ತದೆ. ಪೇಟೆಯೊಳಗೆ ಸ್ಕೂಟರು ಸರಿ, ದಿನಾ ಘಟ್ಟ ಹತ್ತಿಳಿಯುವವರಿಗೆ ಬೈಕೇ ವಾಸಿ.

ಘಟ್ಟ ಇಳಿದ ಕೂಡಲೇ ಚೀಲ ಎತ್ತಬೇಡಿ. ಕುಲುಕಿನಿಂದ ದಣಿದ ಬೆನ್ನಿನ ಸ್ನಾಯು ಆಗ ತಡವಾಗಿ ಬಿಗಿಯುತ್ತದೆ. ಹತ್ತು ನಿಮಿಷ ಅಡ್ಡಾಡಿ, ಒಂದು ಚಾ ಕುಡಿದು ಎತ್ತಿ. ನೋವು ಮಂಡಿ ದಾಟಿ ಕೆಳಗೆ ಎಳೆದರೆ ಡಾಕ್ಟರಿಗೆ ತೋರಿಸಿ. ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತಕ್ಕೆ ಸಿಗದಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ, ಅದೂ ಬೈಕಿನಲ್ಲಲ್ಲ.